ಹದಿನೇಳರ ಬೋಲ್ಟು

ಇದು ಬರೀ ಬೋಲ್ಟು. ಮೊದಲೇ ಹೇಳಿಬಿಡುತ್ತೇನೆ.
ಹದಿನೇಳು ಮಿಲಿಮೀಟರು, ಆರು ಮುಖ,
ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರಿನ ಬುಡದಲ್ಲಿ
ಹನ್ನೊಂದು ಚಳಿಗಾಲ ಕೂತು
ತಾನು ಕಬ್ಬಿಣವೋ ಮಣ್ಣೋ ಮರೆತದ್ದು.

ಬೊನಾವಿಸ್ಟಾ ಕೊಲ್ಲಿಯ ಈ ದಂಡೆಗೆ
ಉಪ್ಪು ಎರಡು ದಾರಿಯಲ್ಲಿ ಬರುತ್ತದೆ.
ಕಡಲಿನದು ಗಾಳಿ ಹತ್ತಿ,
ರಸ್ತೆಯದು ಲಾರಿ ಹತ್ತಿ, ನವೆಂಬರಿನಿಂದ ಏಪ್ರಿಲ್ಲಿನ ತನಕ.
ನಡುವೆ ನಮ್ಮ ಕಾರುಗಳು
ಹಲಗೆಯ ಮೇಲೆ ಹರವಿದ ಕಾಡ್ ಮೀನು.

ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಇದು ಉಪ್ಪು ತಿಂದು ಎಣ್ಣೆ ಕುಡಿಯಿತು,
ಶುಕ್ರವಾರ ರಾತ್ರಿ ಒಮ್ಮೆ, ಶನಿವಾರ ಮೂರು ಸಲ,
ಇವತ್ತು ಚರ್ಚಿನ ಗಂಟೆ ಹೊಡೆಯುವಾಗ ಇನ್ನೊಮ್ಮೆ.
ಕುಡಿದು ಸುಮ್ಮನೆ ಕೂತಿತು.
ಸುತ್ತಿಗೆಯಿಂದ ತಟ್ಟಿದೆ, ಕಾಲು ಕೊಟ್ಟು ಒದ್ದೆ,
ಜಪ್ಪಯ್ಯ ಅಂದರೂ ಕದಲಲಿಲ್ಲ.

ಗ್ಯಾರೇಜು ತೊಂಬತ್ತು ಕಿಲೋಮೀಟರು.
ಏಡಿ ಕಾರ್ಖಾನೆಯ ಪಾಳಿ ನಾಳೆ ಬೆಳಗ್ಗೆ ಐದಕ್ಕೆ.

ಅಂಗಾತ ಮಲಗಿದ್ದೇನೆ,
ಬೆನ್ನಡಿ ಫ್ರಿಜ್ಜು ಬಂದಿದ್ದ ರಟ್ಟು, ಕಣ್ಣಿಗೆ ಉದುರುವ ತುಕ್ಕು.
ಇಲ್ಲಿಂದ ಎಡ ಯಾವುದು, ಬಲ ಯಾವುದು
ಗಾಳಿಯಲ್ಲಿ ಬೆರಳು ತಿರುಗಿಸಿ ನೋಡಿಕೊಳ್ಳಬೇಕು.
ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುವುದು
ತುಂಬ ಸುಲಭ.
ನಗಬೇಡಿ. ಬೋಲ್ಟಿನ ಮಾತು.

ಎರಡು ರಬ್ಬರ್ ಬೂಟು ಬಂದು ನಿಂತವು.
ಲಿಯಾಂಡರ್ ಪಾರ್ಡಿ.
ಕಾರು ಅವನದೇ ಇತ್ತು. ಕೈ ನಡುಗತೊಡಗಿದ ವರ್ಷ ನನಗೆ ಮಾರಿದ.
ಈಗ ವಾರಕ್ಕೊಮ್ಮೆ ಬರುತ್ತಾನೆ,
ಕೊಟ್ಟ ಮನೆಗೆ ಮಗಳನ್ನು ನೋಡಲು ಬಂದವನಂತೆ
ಒಳಗೆ ಕರೆದರೂ ಬಾರದೆ, ಅಂಗಳದಲ್ಲೇ.

‘ಮೊದಲು ಬಿಗಿ, ಬ್ರೈಡಿ.’
‘ಏನು?’
‘ಕೂದಲೆಳೆಯಷ್ಟು. ಬಿಚ್ಚೋ ಕಡೆಗೇ
ತುಕ್ಕು ಕಾವಲು ಕೂತಿರ್ತದೆ.
ಹಿಂಬಾಗಿಲಿಂದ ಹೋಗು.’

ಆಮೇಲೆ ಬೆಂಕಿ. ಗ್ಯಾಸಿನ ನೀಲಿ ನಾಲಿಗೆ,
ಸುಟ್ಟ ರಬ್ಬರಿನ ವಾಸನೆ, ಒಂದು ಗಳಿಗೆ ಎಣ್ಣೆಗೂ ಹತ್ತಿಕೊಂಡು
ನನ್ನ ಹುಬ್ಬಿನ ತುದಿ ಹೋಯಿತು.
ಬಗ್ಗಿ ಏನೋ ಚಾಚಿದ. ಮೇಣದಬತ್ತಿಯ ತುಂಡು,
ಫೆಬ್ರವರಿಯ ಬಿರುಗಾಳಿಗೆ ನಾಲ್ಕು ದಿನ ಕರೆಂಟು ಹೋದಾಗಿನದು,
ಇನ್ನೂ ಅವನ ಜೇಬಿನಲ್ಲಿ.
‘ಮುಟ್ಟಿಸು. ಎಣ್ಣೆ ಹೋಗದ ಕಡೆ ಮೇಣ ಹೋಗ್ತದೆ.’
ಹೋಯಿತು. ಕಾದ ಕಬ್ಬಿಣ
ಚಪ್ಪರಿಸಿ ಒಳಗೆಳೆದುಕೊಂಡದ್ದನ್ನು ಕಣ್ಣಾರೆ ಕಂಡೆ.

ಪಾನದ ಹಿಡಿಗೆ ಬೇಲಿಯ ಪೈಪು ತೂರಿಸಿದೆ.
ತುದಿ ಅವನ ಮೊಣಕಾಲಿನ ತನಕ ಹೋಯಿತು.
ಕೇಳದೇ ಕೈ ಇಟ್ಟ.
ಅವನ ನಡುಕ ಪೈಪಿನೊಳಗೆ ನಡೆದುಬಂದು
ನನ್ನ ಅಂಗೈಯಲ್ಲಿ ಜುಮ್ಮೆಂದಿತು.
ತೆಗೆ ಎನ್ನಲಿಲ್ಲ.
ಕೂದಲೆಳೆಯಷ್ಟು ಬಿಗಿದೆವು. ಎಳೆದೆವು.

ಟಕ್.

ತಲೆ ಮುರಿದರೂ ಇದೇ ಸದ್ದು,
ಬಿಟ್ಟುಕೊಟ್ಟರೂ ಇದೇ ಸದ್ದು.
ಕೆಳಗೆ ನಾನು, ಮೇಲೆ ಅವನು,
ದೂರದಲ್ಲಿ ಯಾರದೋ ದೋಣಿಯ ಮೋಟಾರು.

ಆಮೇಲೆ ಕಿರ್ರೆಂದು, ಗೊಣಗುತ್ತ,
ಒಂದೊಂದು ಸುತ್ತಿಗೂ ಕೆಂಪು ಪುಡಿ ಉಗುಳುತ್ತ ಬಂತು.
ಒರೆಸಿದರೆ ತಲೆಯ ಮೇಲೊಂದು ಹಳದಿ ಚುಕ್ಕೆ,
ದೋಣಿಗೆ ಬಳಿಯುವ ಬಣ್ಣ.
ತಾನು ಬಿಗಿದದ್ದಕ್ಕೆಲ್ಲ ಲಿಯಾಂಡರ್ ಇಡುವ ಗುರುತು
ಈ ಊರಿನ ಅರ್ಧ ಹಡಗುಕಟ್ಟೆಯಲ್ಲಿದೆ.

‘ಸಾಕು ಅನಿಸಿದ ಮೇಲೂ ಇನ್ನರ್ಧ ಸುತ್ತು,’ ಎಂದ,
ಬೂಟುಗಳು ಒಂದನ್ನೊಂದು ಉಜ್ಜಿಕೊಂಡವು.
‘ಆಗ ಕೈಯಲ್ಲಿ ಬಲ ಇತ್ತು.
ಕೊಡು ಇಲ್ಲಿ.’
ಕೊಟ್ಟೆ. ಇನ್ನೂ ಬಿಸಿಯಿತ್ತು. ಜೇಬಿಗಿಳಿಸಿದ.

ಹೊಸದಕ್ಕೆ ತಾಮ್ರದ ಗ್ರೀಸು ಬಳಿದೆ, ದಪ್ಪಗೆ,
ಇನ್ಯಾವತ್ತೋ ಇಲ್ಲಿ ಅಂಗಾತ ಮಲಗುವವರ
ಕಣ್ಣಿಗೆ ಕಡಿಮೆ ಉದುರಲಿ ಎಂದು.
ಸಾಕು ಅನಿಸಿದಲ್ಲಿ ನಿಲ್ಲಿಸಿದೆ. ನಿಲ್ಲಿಸುವುದು ಕಷ್ಟವಾಯಿತು.

ರಟ್ಟು ಎಳೆದುಕೊಂಡು ಆ ಬದಿಗೆ ತೆವಳಿ ಕೇಳಿದೆ:
‘ಇದನ್ನೂ ನೀನೇನಾ?’

ಬೂಟುಗಳು ಮಾತಾಡಲಿಲ್ಲ.
ಮೇಣದ ತುಂಡು ಮಾತ್ರ
ಮತ್ತೆ ಕೆಳಗಿಳಿದು ಬಂತು.